ನೈಟ್ ಸಿಟಿಯ ಮಳೆ, ಬಳ್ಳಾರಿಯ ಬಿಸಿಲು

ಒಂದು ಚಿತ್ರವನ್ನು ಫೋನಿನಲ್ಲಿ ಇನ್ನೂ ಅಳಿಸದೆ ಇಟ್ಟುಕೊಂಡಿದ್ದೇನೆ. 2023ರ ಫೆಬ್ರವರಿಯಲ್ಲಿ ಅಕ್ಕನ ಮಗ ಕಳಿಸಿದ್ದು. ನೈಟ್ ಸಿಟಿ ಅನ್ನುವ ಊರಿನಲ್ಲಿ ನಡೆಯುವ ಸೈಬರ್‌ಪಂಕ್ 2077 ಗೇಮ್‌ನಲ್ಲಿ ಯಾವ ಗ್ರಾಫಿಕ್ಸ್ ಕಾರ್ಡ್ (ಪರದೆಯ ಚಿತ್ರ ಬರೆಯುವ ಕಂಪ್ಯೂಟರಿನ ಭಾಗ) ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಎಷ್ಟು ಚಿತ್ರ, ಕೊಡುತ್ತದೆ ಅಂತ ತೋರಿಸುವ ಉದ್ದುದ್ದ ಪಟ್ಟಿಗಳ ಗ್ರಾಫ್. ಕೆಳಗೆ ಅವನ ಪ್ರಶ್ನೆ: "ಚಿಕ್ಕಮ್ಮ, 15 ಸಾವಿರದ ಒಳಗೆ ಯಾವುದು ತಗೊಳ್ಳಲಿ?" ನಾನು ಆ ಗ್ರಾಫನ್ನು ಎರಡು ನಿಮಿಷ ನೋಡಿದೆ. ಎಎಂಡಿ ಕಂಪನಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡಿನ ಪಟ್ಟಿ ಎನ್‌ವಿಡಿಯಾ ಕಂಪನಿಯ ಜಿಟಿಎಕ್ಸ್ 1650ರ ಪಟ್ಟಿಗಿಂತ ಸ್ವಲ್ಪ ಉದ್ದ ಇತ್ತು. ಹೊಸ ಕಾರ್ಡು, ವಾರಂಟಿ ಇದೆ, ದುಡ್ಡಿಗೂ ಸರಿಹೋಗುತ್ತೆ. "ಅದನ್ನೇ ತಗೋ" ಅಂತ ಬರೆದು ನನ್ನ ಕೆಲಸಕ್ಕೆ ವಾಪಸ್ ಹೋದೆ.

ಆ ದುಡ್ಡು ಅವನೇ ದುಡಿದಿದ್ದು. ಭಾವನಿಗೆ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ಸಣ್ಣ ಯೂನಿಟ್ ಇದೆ. ಡಿಪ್ಲೊಮಾ ರಜೆಗಳಲ್ಲಿ ಹುಡುಗ ಅಲ್ಲೇ ಕೂತು, ಹೊಲಿದು ಬಂದ ಪ್ಯಾಂಟುಗಳ ದಾರ ಕತ್ತರಿಸಿ, ಎಣಿಸಿ, ಕಟ್ಟು ಕಟ್ಟುತ್ತಾನೆ. ಪ್ಯಾಂಟಿಗೆ ಇಷ್ಟು ಅಂತ ಲೆಕ್ಕ. ಹಾಗೆ ಸೇರಿಸಿದ 15 ಸಾವಿರ ಅಂದ್ರೆ ಎಷ್ಟು ಪ್ಯಾಂಟು, ಎಷ್ಟು ಮಧ್ಯಾಹ್ನ ಅಂತ ನಾನು ಯೋಚಿಸಿದ್ದು ಆಮೇಲೆ. ಹೆಚ್ಚು ದುಡ್ಡಿನ ಕಾರ್ಡ್ ತಗೊಳ್ಳುವವರು ಒಮ್ಮೆ ತಪ್ಪಿದರೂ ಹೇಗೋ ಸುಧಾರಿಸಿಕೊಳ್ಳುತ್ತಾರೆ. ಅವನಿಗೆ ಇನ್ನೊಂದು ಸಲ ತಗೊಳ್ಳೋಕೆ ಮುಂದಿನ ರಜೆ ಬರಬೇಕಿತ್ತು.

ಮಾರ್ಚ್ ಕೊನೆಗೆ ಅವನ ಫೋನ್ ಬಂತು. ದೂರು ಅನ್ನುವ ಹಾಗಿರಲಿಲ್ಲ. ಅವನು ದೂರುವ ಹುಡುಗನೇ ಅಲ್ಲ. "ಚಿಕ್ಕಮ್ಮ, ನಂಬರು ಚೆನ್ನಾಗೇ ತೋರಿಸ್ತದೆ. 45, 50 ಇರ್ತದೆ. ಆದ್ರೆ ಕ್ಯಾಮೆರಾ ತಿರುಗಿಸಿದ್ರೆ ಗಕ್ಕನೆ ನಿಲ್ತದೆ. ಆಮೇಲೆ ಮತ್ತೆ ಹೋಗ್ತದೆ. ನನ್ನ ಮೌಸೇ ಸರಿ ಇಲ್ವೇನೋ ಅಂತ ಬೇರೆ ಮೌಸ್ ಹಾಕಿ ನೋಡ್ದೆ." ಮೌಸ್ ಬದಲಾಯಿಸಿ ನೋಡಿದ್ದಾನೆ ಅನ್ನುವುದು ಇವತ್ತಿಗೂ ನನಗೆ ಚುಚ್ಚುತ್ತದೆ. ಕಾರ್ಡ್ ಸರಿ ಇರಬಹುದು, ಚಿಕ್ಕಮ್ಮ ಹೇಳಿದ್ದಲ್ವಾ ಅಂದುಕೊಂಡು ತಪ್ಪನ್ನು ಬೇರೆ ಎಲ್ಲಾ ಕಡೆ ಹುಡುಕಿದ್ದಾನೆ.

ಸರಾಸರಿ ಅನ್ನೋ ಸಂಖ್ಯೆ

ಗ್ರಾಫ್ ಸುಳ್ಳು ಹೇಳಿರಲಿಲ್ಲ. ನಾನು ಅದನ್ನು ಕೇಳಿದ ಪ್ರಶ್ನೆ ತಪ್ಪು. ಉದ್ದ ಪಟ್ಟಿ ತೋರಿಸುವುದು ಸರಾಸರಿ. ಒಂದು ಲೆಕ್ಕ ನೋಡಿ. ಒಂದು ಸೆಕೆಂಡಿನಲ್ಲಿ 50 ಫ್ರೇಮ್ ಬಂದವು ಅಂದುಕೊಳ್ಳಿ. ಅದರಲ್ಲಿ 49 ಫ್ರೇಮ್ ತಲಾ 16 ಮಿಲಿಸೆಕೆಂಡಿನಲ್ಲಿ ಬಂದವು. ಅಲ್ಲಿಗೆ 784 ಮಿಲಿಸೆಕೆಂಡ್ ಮುಗಿಯಿತು. ಉಳಿದ 216 ಮಿಲಿಸೆಕೆಂಡನ್ನು ಒಂದೇ ಒಂದು ಫ್ರೇಮ್ ತಿಂದಿತು. ಸರಾಸರಿ ಆಗಲೂ 50. ಆದರೆ ಪರದೆ ಮುಂದೆ ಕೂತವನ ಕಣ್ಣಿಗೆ ಆ ಸೆಕೆಂಡಿನಲ್ಲಿ ಕಂಡಿದ್ದು ಒಂದೇ, ಚಿತ್ರ ಗಕ್ಕನೆ ನಿಂತಿದ್ದು. ಎಲ್ಲ ಫ್ರೇಮ್‌ಗಳೂ 20 ಮಿಲಿಸೆಕೆಂಡಿಗೆ ಒಂದರಂತೆ ಸಾಲಾಗಿ ಬಂದರೂ ಸರಾಸರಿ 50ನೇ. ಎರಡಕ್ಕೂ ಗ್ರಾಫಿನಲ್ಲಿ ಒಂದೇ ಉದ್ದದ ಪಟ್ಟಿ. ಆಡುವವನಿಗೆ ಮಾತ್ರ ಇವೆರಡೂ ಒಂದೇ ಗೇಮ್ ಅನ್ನಿಸುವುದಿಲ್ಲ.

ಇದಕ್ಕೇ ಈಗ ಹೆಚ್ಚಿನ ವಿಮರ್ಶಕರು ಸರಾಸರಿಯ ಪಕ್ಕದಲ್ಲಿ '1 ಪರ್ಸೆಂಟ್ ಲೋ' ಅಂತ ಇನ್ನೊಂದು ಸಂಖ್ಯೆ ಕೊಡುತ್ತಾರೆ. ಅತಿ ನಿಧಾನವಾಗಿ ಬಂದ ನೂರರಲ್ಲಿ ಒಂದು ಪಾಲು ಫ್ರೇಮ್‌ಗಳು ಹೇಗಿದ್ದವು ಅನ್ನುವ ಲೆಕ್ಕ ಅದು. ಸರಾಸರಿ 60, ಲೋ 50 ಇದ್ದರೆ ಕಣ್ಣಿಗೆ ಹಿತ. ಸರಾಸರಿ 60, ಲೋ 20 ಇದ್ದರೆ ಆಡೋದೇ ಬೇಡ ಅನ್ನಿಸಿಬಿಡುತ್ತದೆ. ಕಡಿಮೆ ಬೆಲೆಯ ಕಾರ್ಡುಗಳಲ್ಲಿ ಈ ಎರಡು ಸಂಖ್ಯೆಗಳ ನಡುವಿನ ದೂರ ಜಾಸ್ತಿ. ದುಬಾರಿ ಕಾರ್ಡಿಗೆ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಉಳಿತಾಯ ಇರುತ್ತದೆ. ಅಗ್ಗದ ಕಾರ್ಡಿನಲ್ಲಿ ಎಲ್ಲೋ ಒಂದು ಕಡೆ ಕೈ ಬಿಗಿ ಹಿಡಿದಿರುತ್ತಾರೆ. ನಾವು ಹುಡುಕಬೇಕಾದ್ದು ಆ ಜಾಗವನ್ನು.

6500 ಎಕ್ಸ್‌ಟಿಯಲ್ಲಿ ಆ ಜಾಗ ಎಲ್ಲಿದೆ ಅಂತ ಆ ರಾತ್ರಿ ಕೂತು ಓದಿದೆ. ಕಾರ್ಡಿನ ಸ್ವಂತ ಮೆಮೊರಿ 4 ಜಿಬಿ. ಸೈಬರ್‌ಪಂಕ್‌ನಲ್ಲಿ ಟೆಕ್ಸ್ಚರ್ (ಗೋಡೆ, ನೆಲ, ಬಟ್ಟೆಗಳ ಮೇಲ್ಮೈ ಚಿತ್ರ) 'ಹೈ' ಇಟ್ಟರೆ ಅಷ್ಟು ಸಾಲದು. ಹಿಡಿಸದೆ ಉಳಿದದ್ದು ಕಂಪ್ಯೂಟರಿನ ರ್ಯಾಮಿಗೆ ಹೋಗಿ ಕೂರುತ್ತದೆ. ಬೇಕಾದಾಗ ಕಾರ್ಡ್ ಸಿಕ್ಕಿಸುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನ ಮೂಲಕ ತರಿಸಿಕೊಳ್ಳಬೇಕು. ಸಾಮಾನ್ಯವಾಗಿ ಗ್ರಾಫಿಕ್ಸ್ ಕಾರ್ಡು ಆ ಸ್ಲಾಟಿನ 16 ಲೇನ್ (ಮಾಹಿತಿ ಓಡಾಡುವ ದಾರಿ) ಬಳಸುತ್ತದೆ. ಈ ಕಾರ್ಡಿಗೆ ಕೊಟ್ಟಿರುವುದು ನಾಲ್ಕೇ ಲೇನ್. ಹೊಸ ಮದರ್‌ಬೋರ್ಡಿನಲ್ಲಿ, ಅಂದರೆ ಆ ಸ್ಲಾಟಿನ ವೇಗದ ಪೀಳಿಗೆ ಪಿಸಿಐ 4.0 ಇದ್ದಲ್ಲಿ, ನಾಲ್ಕು ಲೇನಿನಲ್ಲಿ ಸೆಕೆಂಡಿಗೆ ಸುಮಾರು 8 ಜಿಬಿ ಹೋಗಬಹುದು. ಹುಡುಗನ ಬೋರ್ಡು ಎಚ್410, ಪ್ರಾಸೆಸರ್ ಐ3-10100ಎಫ್. ಎರಡೂ ಪಿಸಿಐ 3.0. ಅಲ್ಲಿ ಸೆಕೆಂಡಿಗೆ ಸುಮಾರು 4 ಜಿಬಿ ಅಷ್ಟೇ. ಕಾರ್ಡಿನ ಸ್ವಂತ ಮೆಮೊರಿಯ ವೇಗ ಸೆಕೆಂಡಿಗೆ 144 ಜಿಬಿ. 144 ಎಲ್ಲಿ, 4 ಎಲ್ಲಿ.

ಭಾವನಿಗೆ ಇದನ್ನು ವಿವರಿಸಬೇಕಾಗಿ ಬಂದಾಗ ಅವರ ಲೆಕ್ಕದಲ್ಲೇ ಹೇಳಿದೆ. ಅಂಗಡಿಯ ಕಪಾಟಿನಲ್ಲಿ ನಲವತ್ತು ಪ್ಯಾಂಟು ಹಿಡಿಸುತ್ತದೆ. ಗಿರಾಕಿ ಅದರಲ್ಲಿರುವುದನ್ನೇ ಕೇಳಿದರೆ ತಕ್ಷಣ ಕೊಡಬಹುದು. ಇಲ್ಲದ ಸೈಜು ಕೇಳಿದರೆ ಹುಡುಗ ಗೋಡೌನಿಗೆ ಓಡಬೇಕು. ಗೋಡೌನಿನ ದಾರಿ ಅಗಲ ಇದ್ದರೆ ಗಿರಾಕಿಗೆ ಗೊತ್ತೂ ಆಗುವುದಿಲ್ಲ. ಒಬ್ಬರೇ ನುಸುಳುವ ಸಂದಿ ಇದ್ದರೆ ಗಿರಾಕಿ ಕೌಂಟರ್ ಮುಂದೆ ನಿಂತೇ ಇರುತ್ತಾನೆ. ಭಾವ ತಕ್ಷಣ ಅಂದರು: "ಹಂಗಾದ್ರೆ ಕಪಾಟು ದೊಡ್ಡದು ಇರೋದು ತರಬೇಕಿತ್ತು." ಇಡೀ ವಿಷಯ ಅಷ್ಟೇ.

ಇನ್ನೊಂದನ್ನೂ ಹೇಳಬೇಕು. 2022ರ ಜನವರಿಯಲ್ಲಿ ಈ ಕಾರ್ಡ್ ಬಂದಾಗಲೇ ಹಲವು ವಿಮರ್ಶಕರು ಅದನ್ನು 3.0 ಬೋರ್ಡಿನಲ್ಲೂ ಹಾಕಿ ನೋಡಿ ಎಚ್ಚರಿಸಿದ್ದರು. ಮಾಹಿತಿ ಇತ್ತು. ನಾನು ಹುಡುಕಲಿಲ್ಲ. ಅವನ ಬೋರ್ಡು ಯಾವುದು ಅಂತ ಕೇಳಲೂ ಇಲ್ಲ. ಸಲಹೆ ಕೊಡುವವರು ಮೊದಲು ಕೇಳಬೇಕಿದ್ದ ಪ್ರಶ್ನೆಯೇ ಅದು.

ಎಸ್‌ಪಿ ರೋಡಿನ ಹಳೇ ಕಾರ್ಡ್

ಏಪ್ರಿಲ್ ಕೊನೆಗೆ ರಜೆ ಹಾಕಿ ಬಳ್ಳಾರಿಗೆ ಹೊರಡುವುದು ಅಂತ ನಿಶ್ಚಯಿಸಿದೆ. ನನ್ನ ಹಳೆಯ ಜಿಟಿಎಕ್ಸ್ 1650 ಮನೆಯಲ್ಲೇ ಇತ್ತು. 2019ರಲ್ಲಿ ತಗೊಂಡಿದ್ದು. ಅದನ್ನು ಒಂದು ಟವೆಲ್‌ನಲ್ಲಿ ಸುತ್ತಿ ಬ್ಯಾಗಿಗೆ ಹಾಕಿದೆ. ಮೂರನೆಯದಾಗಿ ಎಎಂಡಿಯದೇ ಒಂದು ಆರ್‌ಎಕ್ಸ್ 580 ಸಿಕ್ಕರೆ ನೋಡೋಣ ಅಂತ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್‌ಪಿ ರೋಡಿಗೆ ಹೋದೆ. 580 ಬಂದದ್ದು 2017ರಲ್ಲಿ. ಹಳೆಯದು. ಆದರೆ 8 ಜಿಬಿ ಮೆಮೊರಿ, ಆ ಮೆಮೊರಿಗೆ 256 ಬಿಟ್ ಅಗಲದ ದಾರಿ, ಪೂರ್ತಿ 16 ಲೇನ್. ಭಾವ ಹೇಳಿದ ದೊಡ್ಡ ಕಪಾಟು.

ಆ ಹೊತ್ತಿಗೆ ಸೆಕೆಂಡ್ ಹ್ಯಾಂಡ್ ಕಾರ್ಡುಗಳು ರಾಶಿ ಬಿದ್ದಿದ್ದವು. 2022ರ ಸೆಪ್ಟೆಂಬರಿನಲ್ಲಿ ಈಥೀರಿಯಂ ಅನ್ನುವ ಕ್ರಿಪ್ಟೋ ಹಣ ತನ್ನ ರೀತಿ ಬದಲಿಸಿಕೊಂಡ ಮೇಲೆ ಗ್ರಾಫಿಕ್ಸ್ ಕಾರ್ಡಿನಲ್ಲಿ ಅದನ್ನು ಮೈನ್ ಮಾಡುವುದೇ (ಲೆಕ್ಕ ಬಿಡಿಸಿ ಆ ಹಣ ಗಳಿಸುವುದು) ನಿಂತುಹೋಯಿತು. ಅದಕ್ಕೂ ಹಿಂದಿನ ಎರಡು ವರ್ಷ ಕಾರ್ಡಿನ ಬೆಲೆ ಕೇಳಿದರೆ ತಲೆ ತಿರುಗುತ್ತಿತ್ತು, ನೆನಪಿದೆ ಅಲ್ವಾ. ಹಗಲು ರಾತ್ರಿ ದುಡಿದ ಅವೇ ಕಾರ್ಡುಗಳು ಈಗ ಗಾಜಿನ ಕೌಂಟರಿನ ಕೆಳಗೆ ಸಾಲಾಗಿ ಮಲಗಿದ್ದವು. ಅಂಗಡಿಯವರು ಒಂದನ್ನು ತೆಗೆದು ಕೈಗೆ ಕೊಟ್ಟರು. "ಮೈನಿಂಗ್‌ದಾ?" ಅಂದೆ. "ಇರಬಹುದು ಮೇಡಂ, ನಮಗೆ ಲಾಟ್‌ನಲ್ಲಿ ಬಂದಿದ್ದು. ಓಡಿಸಿ ನೋಡಿ, ಸಮಾಧಾನ ಆದ್ರೆ ತಗೊಳ್ಳಿ" ಅಂದರು. ಆ ನೇರ ಮಾತು ನನಗೆ ಹಿಡಿಸಿತು.

ಕಾರ್ಡನ್ನು ಕಿಟಕಿ ಬೆಳಕಿಗೆ ಹಿಡಿದೆ. ಹಿಂದಿನ ಲೋಹದ ಪಟ್ಟಿಯ ಸ್ಕ್ರೂಗಳಲ್ಲಿ ತುಕ್ಕು ಇರಲಿಲ್ಲ. ಒಂದು ಸ್ಕ್ರೂ ಮೇಲಿನ ಸೀಲ್ ಹರಿದಿತ್ತು, ಅಂದರೆ ಯಾರೋ ಬಿಚ್ಚಿದ್ದಾರೆ. ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಮೆಲ್ಲಗೆ ತಳ್ಳಿದೆ. ಎಡಗಡೆಯದು ಸುಲಭವಾಗಿ ತಿರುಗಿ ನಿಧಾನ ನಿಂತಿತು. ಬಲಗಡೆಯದು ಅರ್ಧ ಸುತ್ತಿಗೇ ನಿಂತಿತು. ಬೇರಿಂಗಿನಲ್ಲಿ ಎಣ್ಣೆ ಒಣಗಿತ್ತು. ಮೂಗಿನ ಹತ್ತಿರ ತಂದರೆ ಬಿಸಿಯಾದ ಧೂಳಿನ ವಾಸನೆ. ಸುಟ್ಟ ವಾಸನೆ ಇರಲಿಲ್ಲ. ಅಂಚಿನಲ್ಲಿ ಒಂದು ಸಣ್ಣ ಸ್ವಿಚ್ ಇತ್ತು. ಕೆಲವು 580ಗಳಲ್ಲಿ ಎರಡು ಬಯೋಸ್ (ಕಾರ್ಡನ್ನು ನಡೆಸುವ ಒಳಗಿನ ಸಣ್ಣ ಪ್ರೋಗ್ರಾಂ) ಇರುತ್ತವೆ. ಮೈನಿಂಗ್ ಮಾಡುವವರು ಮೆಮೊರಿ ಜೋರಾಗಿ ಓಡಲಿ ಅಂತ ಒಂದನ್ನು ತಿದ್ದಿರುತ್ತಾರೆ, ಇನ್ನೊಂದು ಹಾಗೇ ಉಳಿದಿರುತ್ತದೆ. ಅಂಗಡಿಯ ಮೂಲೆಯಲ್ಲಿದ್ದ ಕಂಪ್ಯೂಟರಿಗೆ ಹಾಕಿಸಿ, ಸ್ವಿಚ್ ಎರಡೂ ಕಡೆಗೆ ಮಾಡಿ ನೋಡಿದೆ. ಒಂದು ಕಡೆಗೆ ಇಟ್ಟಾಗ ಪರದೆ ಮೇಲೆ ಹಸಿರು ಚುಕ್ಕಿಗಳು ಮಿನುಗಿದವು. ಇನ್ನೊಂದು ಕಡೆ ಇಟ್ಟು ಇಪ್ಪತ್ತು ನಿಮಿಷ ಓಡಿಸಿದರೂ ಒಂದು ಚುಕ್ಕಿಯೂ ಬರಲಿಲ್ಲ. 7 ಸಾವಿರ ಕೊಟ್ಟು ತಂದೆ.

ರಾತ್ರಿ ಮನೆಯಲ್ಲಿ ಬಿಚ್ಚಿದಾಗ ಚಿಪ್ಪಿನ ಬಿಸಿಯನ್ನು ಹೊರಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿದ ಸುಣ್ಣದ ಹಾಗೆ ಪುಡಿಪುಡಿ ಉದುರಿತು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಹತ್ತಿ ಅದ್ದಿ ಒರೆಸಿದೆ. ಒರೆಸುತ್ತಾ ಹೋದ ಹಾಗೆ ಚಿಪ್ ಕನ್ನಡಿಯಂತೆ ಹೊಳೆಯಿತು, ನನ್ನ ಬೆರಳು ಅದರಲ್ಲಿ ಕಾಣುತ್ತಿತ್ತು. ಹೊಸ ಪೇಸ್ಟ್ ಹಚ್ಚಿದೆ. ಬಲ ಫ್ಯಾನಿನ ಸ್ಟಿಕರ್ ಎತ್ತಿ ಹೊಲಿಗೆ ಮಷೀನಿಗೆ ಬಿಡುವ ಎಣ್ಣೆ ಒಂದು ಹನಿ ಬಿಟ್ಟೆ.

ಮೂರು ದಿನ, ಒಂದೇ ಬೀದಿ

ಬಳ್ಳಾರಿಯಲ್ಲಿ ಆ ವಾರ ಹೊರಗೆ 40 ಡಿಗ್ರಿ. ಚುನಾವಣೆ ಬೇರೆ. ಪ್ರಚಾರದ ಆಟೋಗಳು ಬೀದಿ ತುಂಬಾ. ಹುಡುಗನ ಕೋಣೆ ಮಹಡಿ ಮೇಲೆ, ತಾರಸಿಯ ಕೆಳಗೇ. ಟೇಬಲ್ ಮೇಲೆ ಉಷ್ಣತೆ ತೋರಿಸುವ ಸಣ್ಣ ಗಡಿಯಾರವೊಂದಿತ್ತು. ಮಧ್ಯಾಹ್ನ ಎರಡಕ್ಕೆ ಅದು 37 ತೋರಿಸುತ್ತಿತ್ತು. ವಿಮರ್ಶಕರು ಸಾಮಾನ್ಯವಾಗಿ ಎಸಿ ಕೋಣೆಯಲ್ಲಿ, 20-22 ಡಿಗ್ರಿಯಲ್ಲಿ ಪರೀಕ್ಷೆ ಮಾಡುತ್ತಾರೆ. ಕಾರ್ಡಿನ ಫ್ಯಾನು ಕೋಣೆಯ ಗಾಳಿಯನ್ನೇ ಅಲ್ವಾ ಎಳೆದುಕೊಳ್ಳೋದು. ಆ ಗಾಳಿಯೇ 15 ಡಿಗ್ರಿ ಜಾಸ್ತಿ ಬಿಸಿ ಇದ್ದರೆ ಚಿಪ್ಪೂ ಹೆಚ್ಚು ಕಡಿಮೆ ಅಷ್ಟೇ ಮೇಲೆ ಹೋಗುತ್ತದೆ.

ಅಳೆಯುವುದಕ್ಕೆ ಒಂದೇ ದಾರಿ ಗೊತ್ತು ಮಾಡಿಕೊಂಡೆವು. ಗೇಮಿನೊಳಗೇ ವೇಗ ಅಳೆಯುವ ಒಂದು ಸಿದ್ಧ ಪರೀಕ್ಷೆ, ಬೆಂಚ್‌ಮಾರ್ಕ್, ಇದೆ, 2022ರ ಫೆಬ್ರವರಿಯ 1.5 ಪ್ಯಾಚಿನಲ್ಲಿ (ಗೇಮಿನ ಅಪ್‌ಡೇಟ್) ಬಂದದ್ದು. ಅದು ಉಪಯೋಗಕ್ಕೆ ಬರುತ್ತದೆ. ಆದರೆ ಅದರಲ್ಲಿ ಕ್ಯಾಮೆರಾ ತನ್ನಷ್ಟಕ್ಕೆ ಮೆಲ್ಲಗೆ ಸಾಗುತ್ತದೆ. ನಾವು ಆಡುವಾಗ ಹಾಗೆ ಸಾಗುವುದಿಲ್ಲ, ಸರಕ್ಕನೆ ತಿರುಗುತ್ತೇವೆ. ಅದಕ್ಕೆ ಒಂದು ಸೇವ್ ಮಾಡಿಕೊಂಡೆವು. ನೈಟ್ ಸಿಟಿಯ ಜಪಾನ್‌ಟೌನಿನ ಚೆರ್ರಿ ಬ್ಲಾಸಮ್ ಮಾರ್ಕೆಟ್, ರಾತ್ರಿ, ಮಳೆ. ಅಲ್ಲಿಂದ ಜಿಗ್ ಜಿಗ್ ಸ್ಟ್ರೀಟ್ ತನಕ ಒಂದೇ ವೇಗದಲ್ಲಿ ನಡೆಯುವುದು, ಎರಡು ಕಡೆ ಪೂರ್ತಿ ಸುತ್ತು ತಿರುಗುವುದು. ಪ್ರತಿ ಕಾರ್ಡಿಗೂ ಮೂರು ಸಲ. ಮಳೆ ಯಾಕೆ ಅಂದ್ರೆ, ಒದ್ದೆ ರಸ್ತೆಯಲ್ಲಿ ನಿಯಾನ್ ದೀಪಗಳೆಲ್ಲ ಪ್ರತಿಫಲಿಸುತ್ತವೆ. ಆ ಸ್ಕ್ರೀನ್ ಸ್ಪೇಸ್ ರಿಫ್ಲೆಕ್ಷನ್ ಕಾರ್ಡಿಗೆ ದೊಡ್ಡ ಹೊರೆ. ಮಾರ್ಕೆಟ್ ಯಾಕೆ ಅಂದ್ರೆ ಜನ. ಜನಸಂದಣಿಯ ಹೊರೆ ಪ್ರಾಸೆಸರಿಗೆ. ಎರಡೂ ಒಟ್ಟಿಗೆ ಬಿದ್ದಾಗ ಏನಾಗುತ್ತೋ ಅದೇ ನಮಗೆ ಬೇಕಿದ್ದದ್ದು.

ಮೊದಲ ದಿನ 6500 ಎಕ್ಸ್‌ಟಿ. ಅವನ ಕಂಪ್ಯೂಟರಿನ ಸೈಡ್ ಪ್ಯಾನೆಲ್ ತೆಗೆದ ಕೂಡಲೇ ನನಗೆ ಇನ್ನೊಂದು ವಿಷಯ ಕಂಡಿತು. ಲಾಕ್‌ಡೌನಿನಲ್ಲಿ ಆನ್‌ಲೈನ್ ಕ್ಲಾಸಿಗೆ ಅಂತ ತಂದ ಮಷೀನು, ರ್ಯಾಮ್ 8 ಜಿಬಿಯ ಒಂದೇ ಒಂದು ಸ್ಟಿಕ್. ಪಕ್ಕದ ಸ್ಲಾಟ್ ಖಾಲಿ. ಕಾರ್ಡಿನ ಮೆಮೊರಿ ತುಂಬಿ ಹೊರಗೆ ಚೆಲ್ಲುವುದು ರ್ಯಾಮಿಗೇ. ಆ ರ್ಯಾಮಿನಲ್ಲೂ ಜಾಗ ಇಲ್ಲ. ಒಂದೇ ಸ್ಟಿಕ್ ಆದ್ದರಿಂದ ಅದರ ವೇಗವೂ ಅರ್ಧ. ಮೊದಲು ಹಾಗೇ ನಡೆದೆವು. ನೂಡಲ್ ಅಂಗಡಿಯ ಮುಂದೆ ತಿರುಗಿದಾಗ ಚಿತ್ರ ನಿಂತಿತು, ಧ್ವನಿ ಮಾತ್ರ ಹೋಗುತ್ತಾ ಇತ್ತು. "ನೋಡಿ, ಇಲ್ಲೇ ಚಿಕ್ಕಮ್ಮ, ಪ್ರತಿ ಸಲ ಇಲ್ಲೇ" ಅಂದ. ಆಮೇಲೆ ಪೇಟೆಗೆ ಹೋಗಿ ಇನ್ನೊಂದು 8 ಜಿಬಿ ಸ್ಟಿಕ್ ತಂದು ಹಾಕಿದೆವು. ಎರಡು ಸಾವಿರದ ಒಳಗೇ ಸಿಕ್ಕಿತು. ಮತ್ತೆ ಅದೇ ಬೀದಿ. ನಿಲ್ಲುವುದು ಅರ್ಧಕ್ಕರ್ಧ ಕಡಿಮೆಯಾಯಿತು. ಸರಾಸರಿ ಎರಡೋ ಮೂರೋ ಫ್ರೇಮ್ ಮೇಲೆ ಹೋಗಿದ್ದಷ್ಟೇ, ಗ್ರಾಫಿನಲ್ಲಿ ಕಾಣುವಷ್ಟೂ ಅಲ್ಲ. ಆದರೆ ಅವನ ಮುಖದಲ್ಲಿ ಕಂಡಿತು.

ಟೆಕ್ಸ್ಚರ್ 'ಮೀಡಿಯಂ'ಗೆ ಇಳಿಸಿದರೆ ಉಳಿದ ತೊಂದರೆಯೂ ಬಹುಪಾಲು ಹೋಯಿತು. (ಆ ಆಯ್ಕೆ ಆಟದ ನಡುವೆ ಸಿಗುವುದಿಲ್ಲ, ಮುಖ್ಯ ಮೆನುವಿಗೆ ವಾಪಸ್ ಹೋಗಿ ಬದಲಾಯಿಸಬೇಕು. ಅವನು ಒಂದು ತಿಂಗಳು ಅದನ್ನು ಆಟದ ಒಳಗೇ ಹುಡುಕಿ ಬಿಟ್ಟಿದ್ದ.) ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಈ ಹುಡುಗ ಗೇಮ್ ಆಡುವುದಕ್ಕಿಂತ ಅದರಲ್ಲಿ ಅಲೆಯುವುದು ಜಾಸ್ತಿ. ಫೋಟೋ ಮೋಡ್ ಹಾಕಿಕೊಂಡು ಗೋಡೆ, ಬಾಗಿಲು, ಹರಿದ ಪೋಸ್ಟರು, ತುಕ್ಕು ಹಿಡಿದ ಶಟರು ಇವುಗಳ ಚಿತ್ರ ತೆಗೆಯುತ್ತಾನೆ. ಅಂಥ ನೂರಾರು ಚಿತ್ರ ಅವನ ಹತ್ತಿರ ಇವೆ. ಮೀಡಿಯಂ ಹಾಕಿದ ಕೂಡಲೇ ಹತ್ತಿರದ ಒಂದು ಪೋಸ್ಟರಿನ ಮುಂದೆ ಹೋಗಿ ನಿಂತ. ಅಕ್ಷರದ ಅಂಚು ಕಲಸಿದಂತಾಗಿತ್ತು. ಏನೂ ಹೇಳಲಿಲ್ಲ. "ಪರವಾಗಿಲ್ಲ" ಅಂದ. ನನಗೆ ಪರವಾಗಿಲ್ಲ ಅನ್ನಿಸಲಿಲ್ಲ.

ಎರಡನೇ ದಿನ ನನ್ನ 1650. ಇದಕ್ಕೂ 4 ಜಿಬಿಯೇ. ಆದರೆ ಲೇನ್ 16. ಮೂರರಲ್ಲಿ ನಿಧಾನ ಇದೇ. ಸೆಟ್ಟಿಂಗ್ ಲೋ-ಮೀಡಿಯಂ ನಡುವೆ ಇಟ್ಟು 1080ಪಿಯಲ್ಲಿ (ಫುಲ್ ಎಚ್‌ಡಿ ಗಾತ್ರದ ಚಿತ್ರ) ಮೂವತ್ತೈದರ ಆಚೀಚೆ ಓಡಾಡುತ್ತಿತ್ತು. ಒಳ್ಳೆಯ ಗುಣ ಅಂದ್ರೆ ಬಿದ್ದರೆ ಮೆಲ್ಲಗೆ ಬೀಳುತ್ತದೆ, ಗಕ್ಕನೆ ನಿಲ್ಲುವುದು ತೀರಾ ಕಡಿಮೆ. ಸಣ್ಣದಾಗಿ ಬರೆದ ಚಿತ್ರವನ್ನು ಹಿಗ್ಗಿಸಿ ತೋರಿಸುವ ಎಫ್‌ಎಸ್‌ಆರ್ 2.1 ಹಾಕಿದರೆ ಇನ್ನೂ ಮೇಲೆ ಬಂತು. ಇದೇ ಥರದ ಎನ್‌ವಿಡಿಯಾದ ಡಿಎಲ್‌ಎಸ್‌ಎಸ್ ಅವರ ಆರ್‌ಟಿಎಕ್ಸ್ ಕಾರ್ಡಿಗೆ ಮಾತ್ರ, ಈ ಎನ್‌ವಿಡಿಯಾ ಕಾರ್ಡಿಗೆ ಅದು ಸಿಗುವುದಿಲ್ಲ. ಎಎಂಡಿ ಮಾಡಿದ ಈ ಎಫ್‌ಎಸ್‌ಆರ್ 2.1 ಬೇರೆ ಕಂಪನಿಯ ಕಾರ್ಡಿಗೂ ಸಿಗುತ್ತದೆ. ಆದರೆ 1080ಪಿಯಲ್ಲಿ 'ಕ್ವಾಲಿಟಿ' ಅಂದರೂ ಒಳಗೆ ಚಿತ್ರ ಬರೆಯುವುದು 720ಪಿಯಲ್ಲಿ. ತಂತಿ ಬೇಲಿ, ದೂರದ ನಿಯಾನ್ ಬೋರ್ಡು ನಡೆಯುವಾಗ ಬುಳುಬುಳು ಮಿನುಗುತ್ತವೆ. ಇದೇ ಎಫ್‌ಎಸ್‌ಆರ್ ದೊಡ್ಡ 4ಕೆ ಪರದೆಯಲ್ಲಿ ಚೆಂದ ಕಾಣುತ್ತದೆ. ಸಹಾಯ ಹೆಚ್ಚು ಬೇಕಾದ ಕಡೆಯೇ ಅದು ಕಮ್ಮಿ ಕೆಲಸ ಮಾಡುತ್ತದೆ ಅನ್ನುವುದು ನನಗೆ ಬೇಸರದ ಸಂಗತಿ.

1650ರ ನಿಜವಾದ ಬೆಲೆ ತಿಳಿದದ್ದು ಮಧ್ಯಾಹ್ನ ಮೂರೂವರೆಗೆ. ಕರೆಂಟ್ ಹೋಯಿತು. ಟೇಬಲ್ ಕೆಳಗಿನ ಯುಪಿಎಸ್ ಒಂದು ಸಲ ಕೂಗಿತು, ಆಟ ನಿಲ್ಲಲಿಲ್ಲ. ನಿಧಾನವಾಗಿ ಸೇವ್ ಮಾಡಿ, ಕಂಪ್ಯೂಟರ್ ಆಫ್ ಮಾಡಿ ಕೆಳಗೆ ಹೋಗಿ ಮಜ್ಜಿಗೆ ಕುಡಿದೆವು. ಈ ಕಾರ್ಡು 75 ವಾಟ್ ಒಳಗೇ ಬದುಕುತ್ತದೆ. ನನ್ನದಕ್ಕೆ ಬೇರೆ ಪವರ್ ಕೇಬಲ್ ಕೂಡ ಬೇಡ. ಸ್ಲಾಟಿಗೆ ಒತ್ತಿದರೆ ಸಾಕು. 2022ರ ಕೊನೆಗೆ ಸ್ಟೀಮ್ ಸಮೀಕ್ಷೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಜನರ ಹತ್ತಿರ ಇದ್ದದ್ದು ಈ ಕಾರ್ಡೇ. ಯಾವ ಗ್ರಾಫಿನಲ್ಲೂ ಇದು ಮುಂದಿಲ್ಲ. ಆದರೆ ಯಾವ ಹಳೆಯ ಮಷೀನಿಗೆ ಹಾಕಿದರೂ ಸುಮ್ನೆ ಕೆಲಸ ಶುರು ಮಾಡುತ್ತದೆ.

ಮೂರನೇ ದಿನ 580. ಇದಕ್ಕೆ 185 ವಾಟ್, ಎಂಟು ಪಿನ್ನಿನ ಕೇಬಲ್. ಅವನ ಮಷೀನಿನಲ್ಲಿದ್ದದ್ದು ಕ್ಯಾಬಿನೆಟ್ ಜೊತೆಗೇ ಬಂದ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಹಂಚುವ ಡಬ್ಬಿ). ಮೇಲೆ 500 ವಾಟ್ ಅಂತ ಬರೆದಿತ್ತು. ಕೈಯಲ್ಲಿ ಹಿಡಿದರೆ ಹಗುರ. ಗ್ರಾಫಿಕ್ಸ್ ಕಾರ್ಡಿನ ಕೇಬಲ್ಲೇ ಇರಲಿಲ್ಲ. 6500 ಎಕ್ಸ್‌ಟಿಗೆ ಬೇಕಾದ ಆರು ಪಿನ್ನನ್ನು ಅಂಗಡಿಯವರು ಹಾರ್ಡ್ ಡಿಸ್ಕಿನ ವೈರಿಗೆ ಕನ್ವರ್ಟರ್ ಸಿಕ್ಕಿಸಿ ಕೊಟ್ಟಿದ್ದರು. ಆ ಕನ್ವರ್ಟರಿನ ಪ್ಲಾಸ್ಟಿಕ್ ಮುಟ್ಟಿ ನೋಡಿದಾಗ ಒಂದು ಅಂಚು ಹಳದಿಯಾಗಿತ್ತು. ನನಗೆ ಮೈ ಜುಮ್ಮೆಂದಿತು. ಇದನ್ನು ಓದುವವರು ಯಾರಾದರೂ ಆ ಥರ ಕನ್ವರ್ಟರ್ ಹಾಕಿಕೊಂಡಿದ್ದರೆ ದಯವಿಟ್ಟು ಇವತ್ತೇ ನೋಡಿ. ಮಧ್ಯಾಹ್ನದ ಒಳಗೆ ಒಳ್ಳೆಯ 550 ವಾಟಿನ ಎಸ್‌ಎಂಪಿಎಸ್ ತಂದೆವು, ಮೂರೂವರೆ ಸಾವಿರ. ಅಂದರೆ 7 ಸಾವಿರದ ಕಾರ್ಡು ಈಗ ಹತ್ತೂವರೆ ಸಾವಿರ. ಈ ಲೆಕ್ಕವೂ ಗ್ರಾಫಿನಲ್ಲಿ ಇರುವುದಿಲ್ಲ.

ಟೆಕ್ಸ್ಚರ್ ಹೈ. ಅದೇ ಮಾರ್ಕೆಟ್, ಅದೇ ಮಳೆ. ನೂಡಲ್ ಅಂಗಡಿಯ ಮುಂದೆ ಅವನು ಸರಕ್ಕನೆ ತಿರುಗಿದ. ನಿಲ್ಲಲಿಲ್ಲ. ಇನ್ನೊಮ್ಮೆ ತಿರುಗಿದ. ನಿಲ್ಲಲಿಲ್ಲ. ಸರಾಸರಿ 6500 ಎಕ್ಸ್‌ಟಿಯಷ್ಟೇ, ನಲವತ್ತೈದರ ಆಸುಪಾಸು. ಆದರೆ ಕೆಳಗಿನ ಸಂಖ್ಯೆ, ಅದೇ 1 ಪರ್ಸೆಂಟ್ ಲೋ, ಮೂವತ್ತಕ್ಕಿಂತ ಇಳಿಯಲೇ ಇಲ್ಲ. ಅವನು ಮಾತಾಡದೆ ಪೋಸ್ಟರಿನ ಹತ್ತಿರ ಹೋಗಿ ನಿಂತು ಫೋಟೋ ಮೋಡ್ ಹಾಕಿದ.

ಅಷ್ಟರಲ್ಲಿ ಫ್ಯಾನು ಜೋರಾಯಿತು. ಚಿಪ್ 84 ಡಿಗ್ರಿ. ಟೇಬಲ್ ಕೆಳಗಿಂದ ಬಿಸಿಗಾಳಿ ಕಾಲಿಗೆ ಹೊಡೆಯುತ್ತಿತ್ತು. ಕೆಳಗಿನಿಂದ ಅಕ್ಕ ಕೂಗಿದಳು: "ಏನೇ ಅದು, ಮಿಕ್ಸಿ ಮೇಲೆ ತಗೊಂಡು ಹೋದ್ರಾ?" ಸ್ವಲ್ಪ ಹೊತ್ತಿಗೆ ಕರೆಂಟ್ ಹೋಯಿತು. ಯುಪಿಎಸ್ ಕೂಗಲು ಶುರು ಮಾಡಿದ್ದಷ್ಟೇ, ಎಲ್ಲ ಒಟ್ಟಿಗೆ ಕತ್ತಲಾಯಿತು. 600 ವಿಎ ಯುಪಿಎಸ್ ಅಂದರೆ ಸುಮಾರು 360 ವಾಟ್, ಅದೂ ಹೊಸದಿದ್ದಾಗ. ಮೂರು ವರ್ಷದ ಬ್ಯಾಟರಿಗೆ ಈ ಕಾರ್ಡು, ಪ್ರಾಸೆಸರು, ಮಾನಿಟರು ಎಲ್ಲ ಸೇರಿ ಭಾರವಾಗಿಬಿಟ್ಟಿತು.

ಸಂಜೆ ತಂಪಾದ ಮೇಲೆ ಕೂತು ಅದನ್ನು ಪಳಗಿಸಿದೆವು. ಎಎಂಡಿಯ ಸಾಫ್ಟ್‌ವೇರಿನಲ್ಲೇ ಚಿಪ್ಪಿನ ವೋಲ್ಟೇಜ್ ಸ್ವಲ್ಪ ಸ್ವಲ್ಪ ಇಳಿಸುತ್ತಾ ಹೋದೆವು. ಗೇಮ್ ಕ್ರ್ಯಾಶ್ ಆದಾಗ ಒಂದು ಹೆಜ್ಜೆ ವಾಪಸ್. ರಿಫ್ಲೆಕ್ಷನ್ ಲೋ, ಮಂಜಿನ ವಾಲ್ಯುಮೆಟ್ರಿಕ್ ಫಾಗ್ ಲೋ, ಜನಸಂದಣಿ ಮೀಡಿಯಂ. ಟೆಕ್ಸ್ಚರ್ ಮಾತ್ರ ಹೈ, ಅದನ್ನು ಮುಟ್ಟಲಿಲ್ಲ. ಕೊನೆಗೆ ಫ್ರೇಮನ್ನು 40ಕ್ಕೆ ಕಟ್ಟಿಹಾಕಿದೆವು. 40 ಅಂದರೆ ಕಡಿಮೆ ಅಲ್ವಾ ಅಂತ ಅವನು ಕೇಳಿದ. ಕಾಗದದ ಮೇಲೆ ಬರೆದು ತೋರಿಸಿದೆ. 30 ಅಂದರೆ ಫ್ರೇಮಿಗೆ 33.3 ಮಿಲಿಸೆಕೆಂಡ್. 60 ಅಂದರೆ 16.7. 40 ಅಂದರೆ 25. ಕಾಯುವ ಹೊತ್ತಿನ ಲೆಕ್ಕದಲ್ಲಿ 30ಕ್ಕೂ 60ಕ್ಕೂ ನಟ್ಟನಡುವೆ ಇರುವುದು 45 ಅಲ್ಲ, 40. ಅವನು ಆ ಚೀಟಿಯನ್ನು ಮಾನಿಟರಿನ ಅಂಚಿಗೆ ಅಂಟಿಸಿದ. ಮರುದಿನ ಮಧ್ಯಾಹ್ನ, 37 ಡಿಗ್ರಿಯ ಅದೇ ಕೋಣೆಯಲ್ಲಿ ಚಿಪ್ 74 ದಾಟಲಿಲ್ಲ. ಕರೆಂಟ್ ಹೋದಾಗ ಯುಪಿಎಸ್ ಎರಡು ನಿಮಿಷ ತಡೆಯಿತು. ಸೇವ್ ಮಾಡೋಕೆ ಅಷ್ಟು ಸಾಕು.

ಅದೇ ಕಾರ್ಡ್, ಬೇರೆ ಮನೆ

6500 ಎಕ್ಸ್‌ಟಿಯನ್ನು ಅವನು ಕೊಟ್ಟ ಬೆಲೆಗೇ ನಾನು ತಗೊಂಡೆ. ಅವನು ಒಪ್ಪಲಿಲ್ಲ, ಅಕ್ಕನೂ ಬೇಡ ಅಂದಳು. ಹೊರಡುವ ದಿನ ದುಡ್ಡನ್ನು ಅವನ ಪುಸ್ತಕದೊಳಗೆ ಇಟ್ಟು ಬಂದೆ. ಬೆಂಗಳೂರಿಗೆ ಬಂದು ಆ ಕಾರ್ಡನ್ನು ನನ್ನ ಮಷೀನಿಗೆ ಹಾಕಿದೆ. ರೈಜನ್ 5600, ಬಿ550 ಬೋರ್ಡು, ಪಿಸಿಐ 4.0, 16 ಜಿಬಿ ರ್ಯಾಮ್ ಎರಡು ಸ್ಟಿಕ್‌ನಲ್ಲಿ. ಪೆನ್ ಡ್ರೈವಿನಲ್ಲಿ ತಂದಿದ್ದ ಅದೇ ಸೇವ್ ತೆರೆದೆ. ಚೆರ್ರಿ ಬ್ಲಾಸಮ್ ಮಾರ್ಕೆಟ್, ಮಳೆ, ನೂಡಲ್ ಅಂಗಡಿ. ತಿರುಗಿದೆ. ಒಂದು ಸಣ್ಣ ಅದುರು, ಅಷ್ಟೇ. ಆ ಹುಡುಗ ಒಂದು ತಿಂಗಳು ಮೌಸ್ ಬದಲಾಯಿಸಿ ನೋಡಿದ ಅದೇ ಕಾರ್ಡು. ಚಿಪ್ ಅದೇ, ಫ್ಯಾನ್ ಅದೇ, ಮೇಲೆ ಅವನ ಬೆರಳಿನ ಗುರುತು ಕೂಡ ಅದೇ.

ಅವತ್ತು ನನಗೆ ಸ್ಪಷ್ಟವಾದದ್ದು ಇದು. ವಿಮರ್ಶಕರು ಅಗ್ಗದ ಕಾರ್ಡನ್ನೂ ಅತಿ ವೇಗದ ಪ್ರಾಸೆಸರಿನ ಜೊತೆ ಹಾಕಿ ಅಳೆಯುತ್ತಾರೆ. ಕಾರ್ಡೊಂದರ ಶಕ್ತಿ ಮಾತ್ರ ಕಾಣಬೇಕು, ಬೇರೆ ಯಾವುದೂ ಅಡ್ಡ ಬರಬಾರದು ಅಂತ. ಅವರ ಕೆಲಸಕ್ಕೆ ಅದು ಸರಿಯಾದ ಕ್ರಮವೇ. ಆದರೆ ಅಗ್ಗದ ಕಾರ್ಡು ಅಂಥ ಮನೆಗೆ ಎಂದೂ ಹೋಗುವುದಿಲ್ಲ. ಅದು ಹೋಗುವುದು ಒಂದೇ ರ್ಯಾಮ್ ಸ್ಟಿಕ್ಕಿನ, ಹಗುರ ಎಸ್‌ಎಂಪಿಎಸ್ಸಿನ, ತಾರಸಿ ಕೆಳಗಿನ ಕೋಣೆಗೆ. 50 ಸಾವಿರದ ಕಾರ್ಡನ್ನು ಗ್ರಾಫ್ ನೋಡಿ ತಗೊಂಡರೆ ನಡೆಯುತ್ತದೆ, ಅದನ್ನು ತಗೊಳ್ಳುವವರ ಮಷೀನು ಹೆಚ್ಚುಕಡಿಮೆ ವಿಮರ್ಶಕರ ಮಷೀನಿನಂತೆಯೇ ಇರುತ್ತದೆ. 15 ಸಾವಿರದ ಕಾರ್ಡಿಗೆ ಅದು ನಡೆಯುವುದಿಲ್ಲ. ಇನ್ನು "ಸ್ವಲ್ಪ ಸೇರಿಸಿ ಆರ್‌ಎಕ್ಸ್ 6600 ತಗೊಳ್ಳಿ" ಅನ್ನುವ ಮಾತು ಎಲ್ಲಾ ಕಡೆ ಕೇಳುತ್ತೀರಿ. ನನ್ನ ಹತ್ತಿರ ಇರುವುದು ಅದೇ, ನಿಜಕ್ಕೂ ಒಳ್ಳೆಯ ಕಾರ್ಡು. 8 ಜಿಬಿ, 132 ವಾಟ್. ಆದರೆ ಆ 'ಸ್ವಲ್ಪ' ಅಂದರೆ ಆಗ ಏಳೆಂಟು ಸಾವಿರ ಆಗುತ್ತಿತ್ತು. ದಾರ ಕತ್ತರಿಸುವ ಹುಡುಗನಿಗೆ ಅದು ಸ್ವಲ್ಪ ಅಲ್ಲ.

ಗೆರೆ ಮೇಲಕ್ಕೆ ಹೋದಾಗ

2023ರ ಸೆಪ್ಟೆಂಬರಿನಲ್ಲಿ ಗೇಮಿಗೆ 2.0 ಪ್ಯಾಚ್ ಬಂತು. ಕನಿಷ್ಠ ಬೇಕು ಅನ್ನುವ ಪಟ್ಟಿ ಬದಲಾಯಿತು. 2020ರಲ್ಲಿ ಜಿಟಿಎಕ್ಸ್ 780 ಸಾಕು ಅಂದಿದ್ದರು. ಈಗ ಜಿಟಿಎಕ್ಸ್ 1060 6 ಜಿಬಿ ಇಲ್ಲವೇ ಆರ್‌ಎಕ್ಸ್ 580 8 ಜಿಬಿ. ಹಾರ್ಡ್ ಡಿಸ್ಕ್ ಆಗುವುದಿಲ್ಲ, ಎಸ್‌ಎಸ್‌ಡಿಯೇ ಬೇಕು. ಆ ರಾತ್ರಿ ಅವನ ಮೆಸೇಜು: "ಚಿಕ್ಕಮ್ಮ, ನಮ್ಮ ಕಾರ್ಡು ಸರಿಯಾಗಿ ಗೆರೆ ಮೇಲೇ ನಿಂತಿದೆ." ನನ್ನ 1650 ಗೆರೆಯ ಕೆಳಗೆ ಹೋಗಿತ್ತು. ಅದೇ ವರ್ಷ ಎಎಂಡಿ ಕೂಡ 580ರ ಪೀಳಿಗೆಗೆ ಹೊಸ ಡ್ರೈವರಿನ ಕೆಲಸ ಕಡಿಮೆ ಮಾಡಿತು. ಎಷ್ಟು ದಿನ ಗೆರೆ ಮೇಲೆ ನಿಲ್ಲುತ್ತದೋ ನಿಲ್ಲಲಿ.

ಕಳೆದ ಸಲ ಬಳ್ಳಾರಿಗೆ ಹೋದಾಗ ಅವನು ಫೋನ್ ತೋರಿಸಿದ. ಅವನ ಕ್ಲಾಸಿನ ಗೆಳೆಯನೊಬ್ಬ ಒಂದು ಗ್ರಾಫ್ ಕಳಿಸಿ, ಇದರಲ್ಲಿ ಯಾವ ಕಾರ್ಡ್ ತಗೊಳ್ಳಲಿ ಅಂತ ಕೇಳಿದ್ದ. ಇವನು ಯಾವ ಕಾರ್ಡಿನ ಹೆಸರನ್ನೂ ಬರೆದಿರಲಿಲ್ಲ. "ಸೈಡ್ ಪ್ಯಾನೆಲ್ ತೆಗಿ. ಒಳಗಿನ ಫೋಟೋ ಕಳಿಸು. ಎಸ್‌ಎಂಪಿಎಸ್ ಮೇಲಿನ ಸ್ಟಿಕರ್ ಕಾಣ್ಬೇಕು" ಅಂತ ಬರೆದಿದ್ದ. ಕೆಳಗೆ ಆ ಗೆಳೆಯ ಕಳಿಸಿದ ಫೋಟೋ. ಧೂಳು ಹಿಡಿದ ಬೋರ್ಡು, ಒಂದೇ ರ್ಯಾಮು, ಪಕ್ಕದ ಸ್ಲಾಟು ಖಾಲಿ.